ಲಿಬೋರಿಯೋ ಚಿಕ್ಕಪ್ಪನ ಅಣಬೆ ಮತ್ತು ಕೌಜುಗ

ಲಿಬೋರಿಯೋ ಚಿಕ್ಕಪ್ಪ ಬೆಟ್ಟ ಹತ್ತುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದರು. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಶಂಕೆ ಅವರ ಕತ್ತಿನ ಸ್ವಭಾವವೇ ಆಗಿಬಿಟ್ಟಿತ್ತು. ಚರ್ಚಿನಲ್ಲಿ ಪ್ರಸಾದಕ್ಕೆ ನಡೆಯುವಾಗಲೂ ಅದೇ ಚಾಳಿ. ಸುಣ್ಣಕಲ್ಲುಗಳ ನಡುವೆ ಯಾರ ಕಣ್ಣಿಗೂ ಬೀಳಬಾರದೆಂದು ತೊಡುತ್ತಿದ್ದ ಬೂದುಬಣ್ಣದ ಕೋಟನ್ನು ಸುಡುಬಿಸಿಲಿನಲ್ಲೂ ಕಳಚುತ್ತಿರಲಿಲ್ಲ.

ಸಿಸಿಲಿಯ ನಮ್ಮ ಮದೋನಿಯೆ ಬೆಟ್ಟಗಳ ಬಿಳಿಯಣಬೆಯೂ, ಅದೇ ಇಳಿಜಾರಿನಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಕೌಜುಗವೂ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದ್ದವು. ಯಾವುದು ಮೊದಲು ಅಳಿದೀತೆಂಬ ತರ್ಕ ಚಿಕ್ಕಪ್ಪನನ್ನು ಊಟದ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ.

"ಹಕ್ಕಿಗೇನು ಬಿಡೋ, ಬೇಟೆ ಆಡ್ಬೇಡಿ ಅಂತ ರಸ್ತೇಲಿ ಬೋರ್ಡ್ ಹಾಕವ್ರೆ. ಅಣಬೆಗೆ? ತಟ್ಟೆ ಹಾಕವ್ರೆ! ಹಕ್ಕಿ ಹೆದರಿದ್ರೆ ಹಾರುತ್ತೆ. ಅಣಬೆಗೆ ಹೆದರೋಕೂ ಬರಲ್ವಲ್ಲೋ."

"ಅದರ ಪಾಲಿಂದೂ ಸೇರಿಸಿ ನೀವೇ ಹೆದರ್ತಿದ್ದೀರಲ್ಲ, ಸಾಕು. ಪಾಸ್ತಾ ಆರ್ತಿದೆ, ತಿನ್ನಿ" ಎನ್ನುತ್ತಿದ್ದರು ಅವರ ಹೆಂಡತಿ ನುನ್ಸಿಯಾ ಚಿಕ್ಕಮ್ಮ.

ಅಣಬೆ ಅಂಗೈಯಗಲ ಅರಳಿ ಬೀಜದಂಥ ತನ್ನ ಸೂಕ್ಷ್ಮ ಧೂಳಿಯನ್ನು ಉದುರಿಸಿದರಷ್ಟೇ ಅದಕ್ಕೆ ಸಂತತಿ. ಬೇರೆಯವರು ಕಿತ್ತಾರೆಂಬ ಭಯಕ್ಕೆ ನಮ್ಮೂರಿನವರು ಅದು ಅಂಗಿಯ ಗುಂಡಿಯಷ್ಟಿದ್ದಾಗಲೇ ಕೊಯ್ದುಬಿಡುತ್ತೇವೆ. ನಾನೂ ಕೊಯ್ದಿದ್ದೇನೆ, ಸುಳ್ಳೇಕೆ? ಸುತ್ತ ಕಲ್ಲಿಟ್ಟು ಮರೆಮಾಡಿ, ಅರಳುವ ತನಕ ಕಾಯುತ್ತಿದ್ದವರು ಚಿಕ್ಕಪ್ಪ ಒಬ್ಬರೇ.

ಕಳೆದ ಮೇ ತಿಂಗಳಲ್ಲಿ ಮಂಡಿನೋವು ಹೆಚ್ಚಿ, ಐವತ್ತು ದಾಟಿದ ನನ್ನನ್ನೇ ಊರುಗೋಲು ಮಾಡಿಕೊಂಡು ಹೊರಟರು. ಆ ಇಡೀ ಇಳಿಜಾರಿನಲ್ಲಿ ಎದ್ದಿದ್ದದ್ದು ಒಂದೇ ಅಣಬೆ, ಹೆಬ್ಬೆರಳಿನಷ್ಟು. ಎರಡು ಮಾರು ಆಚೆ ಕೌಜುಗ ಕಾವಿಗೆ ಕೂತಿತ್ತು.

"ಇನ್ನಾರು ದಿನ ಉಳಿದ್ರೆ ಸಾಕು" ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಕೆಳಗಿನಿಂದ ಗಂಡಸರ ದನಿ ಕೇಳಿಸಿತು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ದನಿಗಳು ಹತ್ತಿರವಾದವು, ಯಾರದೋ ಕಾಲಡಿಯಿಂದ ಕಲ್ಲು ಉರುಳಿತು.

"ಬಂದ್ರು ಕಣೋ, ಬಂದೇಬಿಟ್ರು!" ಎನ್ನುತ್ತಾ ಚಾಕು ತೆಗೆದರು.

"ಅಯ್ಯೋ, ಬೇಡ ಚಿಕ್ಕಪ್ಪ!"

ಕೊಯ್ದುಬಿಟ್ಟರು.

ಬಂದವರು ತಪ್ಪಿಸಿಕೊಂಡ ಆಡುಗಳನ್ನು ಹುಡುಕುತ್ತಿದ್ದ ಇಬ್ಬರು ಕುರುಬರು. ಕೆಳಗಿನಿಂದಲೇ "ಏನ್ ಚಿಕ್ಕಪ್ಪ, ಆರಾಮಾ?" ಎಂದು ಕೂಗಿ, ಉತ್ತರಕ್ಕೂ ಕಾಯದೆ ಹಾದುಹೋದರು. ಕೌಜುಗ ಮೊಟ್ಟೆಗಳ ಮೇಲಿಂದ ಅಲುಗಿರಲಿಲ್ಲ. ಚಿಕ್ಕಪ್ಪ ಆ ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು, ಕೊಯ್ದ ಜಾಗದ ಪಕ್ಕದಲ್ಲೇ ಕೂತರು. "ನಾನೇ..." ಎಂದರು.

ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಪ್ರೀತಿಯಲ್ಲಿ ಕಪಟವಿಲ್ಲ, ಕಾವಲಿನಲ್ಲಿ ಆಲಸ್ಯವಿಲ್ಲ. ಆದರೆ ಕಳೆದುಕೊಳ್ಳುವ ಭಯ ಕಳ್ಳನಿಗಿಂತ ಒಂದು ಕ್ಷಣ ಮೊದಲೇ ಕೈಚಾಚಿಬಿಡುತ್ತದೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇಂಥವರ ಸುಪರ್ದಿನಲ್ಲಿ ಈ ಲೋಕದ ಇನ್ನೆಷ್ಟು ಕೊನೆಯ ಜೀವಗಳು ಉಳಿದಿವೆಯೋ ಎಂದು ನೆನೆದರೆ ಮಾತ್ರ ಮೈ ನಡುಗುತ್ತದೆ.