ಹೊರೆಗಲ್ಲಿದ್ದ ಮೂಲೆ

ಎಪ್ಪತ್ತೆಂಟರಲ್ಲಿ ನಮ್ಮ ಪೇಟೆಬೀದಿಯ ವಾಚನಾಲಯಕ್ಕೆ ಬೆಳ್ಳಿಹಬ್ಬ. ಫೋಟೋ ಸ್ಟುಡಿಯೋದ ಶ್ರೀರಂಗಯ್ಯನವರ ಬಳಿ ಅವರ ತಂದೆ ತೆಗೆದ ಗಾಜಿನ ನೆಗೆಟಿವ್‌ಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಅವನ್ನು ಪ್ರಿಂಟ್ ಹಾಕಿಸಿ, ಪ್ರತಿಯೊಂದರ ಪಕ್ಕದಲ್ಲಿ ಅದೇ ಜಾಗದ ಇವತ್ತಿನ ಫೋಟೋ ಇಟ್ಟು, ‘ಅಂದಿನ ತಿಪಟೂರು, ಇಂದಿನ ತಿಪಟೂರು’ ಎಂಬ ಪ್ರದರ್ಶನ ಮಾಡುವುದೆಂದಾಯಿತು. ಕೆಳಗೆ ಒಂದೆರಡು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ, ಅಕ್ಷರ ದುಂಡಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ವಾಚನಾಲಯದ ಅಧ್ಯಕ್ಷರು ನನ್ನ ದೊಡ್ಡಪ್ಪ, ಕೊಬ್ಬರಿ ಮಂಡಿ ಮಲ್ಲಿಕಾರ್ಜುನಯ್ಯ.

“ನಮ್ಮ ನೀಲಾಂಬಿಕೆ ಬರೀತಾಳೆ ಕಣ್ರೀ. ಮಾತಾಡಾಕೆ ಬರಕ್ಕಿಲ್ಲ, ಬರಿಯಾಕೆ ಬತ್ತದೆ” ಎಂದರು ದೊಡ್ಡಪ್ಪ. ಕಮಿಟಿಯವರೆಲ್ಲ ನಕ್ಕರು. ನಾನು ನೆಲ ನೋಡಿದೆ. ಅವತ್ತಿನ ಡೈರಿಯಲ್ಲಿ ‘ನಕ್ಕರು’ ಎಂದಷ್ಟೇ ಬರೆದಿದ್ದೇನೆ.

ಕೆಲಸ ಮಾತ್ರ ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಹಳೆಯ ಪ್ರಿಂಟ್ ಕೈಯಲ್ಲಿ ಹಿಡಿದು ನಾನು ಬೀದಿಯಲ್ಲಿ ಹಿಂದೆ ಮುಂದೆ ಸರಿಯಬೇಕು. ಫೋಟೋದಲ್ಲಿರುವ ಗೋಪುರ ಎದುರಿಗಿರುವ ಗೋಪುರದ ಮೇಲೆ ಸರಿಯಾಗಿ ಕೂತ ಕಡೆ ನಿಲ್ಲಬೇಕು. ನಾನು ನಿಂತಲ್ಲಿ ಶ್ರೀರಂಗಯ್ಯ ಮುಕ್ಕಾಲಿ ಊರುತ್ತಿದ್ದರು.

“ಬದಲಾಗದೆ ಇರೋದು ಯಾವ್ದಾದ್ರೂ ಒಂದು ಹಿಡ್ಕೋ ಕಣವ್ವ. ಮಿಕ್ಕಿದ್ದು ತಾನೇ ಬತ್ತದೆ” ಎನ್ನುತ್ತಿದ್ದರು.

ಹಾಗೆ ರೈಲ್ವೆ ಸ್ಟೇಷನ್ ಸಿಕ್ಕಿತು, ಛತ್ರ ಸಿಕ್ಕಿತು. ಜಟಕಾಗಳು ನಿಲ್ಲುತ್ತಿದ್ದ ಬಯಲು ಬಸ್ ಸ್ಟ್ಯಾಂಡಿನ ಹೊಗೆಯಲ್ಲಿ ಸಿಕ್ಕಿತು. ಉಳಿದದ್ದು ಒಂದೇ ಫೋಟೋ, ಪೆಟ್ಟಿಗೆಯಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು.

ಅದರಲ್ಲಿ ಒಂದು ಹೊರೆಗಲ್ಲು ಇತ್ತು. ಆಳೆತ್ತರದ ಎರಡು ಕಂಬ, ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತು ದೂರದಿಂದ ನಡೆದು ಬಂದವರು ಯಾರ ಕೈಯನ್ನೂ ಕಾಯದೆ, ಬಗ್ಗದೆ, ಹೊರೆಯನ್ನು ತಲೆಯಿಂದ ಅದರ ಮೇಲೆ ಜಾರಿಸಿ ಉಸಿರು ಬಿಡಲೆಂದು ಹಿಂದಿನವರು ನಿಲ್ಲಿಸುತ್ತಿದ್ದ ಕಲ್ಲು. ಫೋಟೋದಲ್ಲಿ ಅಡ್ಡಗಲ್ಲಿನ ಮೇಲೆ ಬುಟ್ಟಿಗಳು ತುಂಬಿದ್ದವು. ಹೆಂಗಸರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಜಾಗ ಸಾಲದೆ ಒಬ್ಬಳು ತನ್ನ ಮಂಕರಿಯನ್ನು ಪಕ್ಕದ ತೆಂಗಿನ ಮರದ ಮೇಲೆ ಇಟ್ಟಿದ್ದಳು. ಆ ಮರ ಬುಡದಿಂದ ಓರೆಯಾಗಿ ಎದ್ದು, ಹೆಣ್ಣಾಳಿನ ತಲೆಯ ಮಟ್ಟದಲ್ಲಿ ಮೊಣಕೈಯ ಹಾಗೆ ಅಡ್ಡಕ್ಕೆ ಮಡಚಿ, ಆಮೇಲೆ ನೇರ ಮೇಲೆ ಹೋಗಿತ್ತು.

ಆ ಮೊಣಕೈಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅದರ ಮೇಲೆ ನಾನು ಕೂತಿದ್ದೆ. ಚಿಕ್ಕವಳಿದ್ದಾಗ ದೊಡ್ಡಪ್ಪನೇ ನನ್ನನ್ನು ಎತ್ತಿ ಕೂರಿಸಿ “ಕುದುರೆ ಓಡ್ಸು” ಎನ್ನುತ್ತಿದ್ದರು.

ಆ ಮರ ಈಗಲೂ ಇದೆ, ನಮ್ಮ ಮಂಡಿಯ ಒಳಗೆ. ನಾನು ಹುಟ್ಟುವ ಮೊದಲು, ಹುಳಿಯಾರು ರಸ್ತೆ ಊರಿಗೆ ಕೂಡುವ ಮೂಲೆಗೆ ದೊಡ್ಡಪ್ಪ ಮಂಡಿಯನ್ನು ಮುಂದಕ್ಕೆ ಎಳೆದು ಕಟ್ಟಿಸಿದಾಗ ಮರ ಅಡ್ಡ ಬಂತು. ಕಾಯಿ ಬಿಡುತ್ತಿರುವ ತೆಂಗಿಗೆ ನಮ್ಮ ಮನೆಯಲ್ಲಿ ಯಾರೂ ಕೊಡಲಿ ಮುಟ್ಟಿಸುವುದಿಲ್ಲ. ಅದಕ್ಕೇ ಗೋಡೆಯನ್ನು ಮರದ ಸುತ್ತ ತಂದು, ತಗಡಿನ ಚಾವಣಿಗೆ ತೂತು ಕೊರೆಸಿ, ಅದನ್ನು ಆಕಾಶಕ್ಕೆ ಬಿಟ್ಟರು. ಬಂದವರಿಗೆಲ್ಲ ಅದನ್ನು ತೋರಿಸಿ ಹೆಮ್ಮೆಪಡುತ್ತಾರೆ. ಕಲ್ಲಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ.

ಶ್ರೀರಂಗಯ್ಯನವರಿಗೆ ಮೆಲ್ಲಗೆ ಹೇಳಿದೆ. ಅವರು ಮುಕ್ಕಾಲಿ ಮಡಚುತ್ತಾ, “ಊರಿಗೇ ಗೊತ್ತು ಕಣವ್ವ. ಗೊತ್ತಿರಾದು ಬೇರೆ, ಗ್ವಾಡೆಗೆ ನೇತಾಕಾದು ಬೇರೆ. ನನ್ ಸ್ಟುಡಿಯೋನೂ ನಿಮ್ ದೊಡ್ಡಪ್ಪಾರ್ ಕಟ್ಟಡದಾಗೇ ಐತೆ” ಎಂದರು. ಆದರೂ ಮಂಡಿಯ ಎದುರು ನಿಂತು ಒಂದು ಫೋಟೋ ಹೊಡೆದುಕೊಟ್ಟರು.

ಮನೆಯಲ್ಲಿ ಎರಡೂ ಪ್ರಿಂಟನ್ನು ದೊಡ್ಡಪ್ಪನ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಇದು ತುರುವೇಕೆರೆ ಕಡೇದು.”

“ಮರ…”

“ತೆಂಗಿನ್ ಮರ ಎಲ್ ನೋಡುದ್ರೂ ಒಂದೇ ಥರ ಇರ್ತವೆ ಕಣೇ. ‘ಸ್ಥಳ ತಿಳಿದಿಲ್ಲ’ ಅಂತ ಬರಿ, ಸಾಕು. ಮಂಡಿ ಫೋಟೋ ಬುಡು.”

ನಾನು ಎಂದಿನಂತೆ ತಲೆಯಾಡಿಸಿದೆ. ಕೋಣೆಗೆ ಬಂದು ರಟ್ಟಿನ ಮೇಲೆ ‘ಸ್ಥಳ’ ಎಂದು ಬರೆದೆ. ಮುಂದಿನ ಪದಕ್ಕೆ ಕೈ ಏಳಲಿಲ್ಲ. ಅದನ್ನು ಬರೆದುಬಿಟ್ಟರೆ ಆ ಕಲ್ಲು ಈ ಊರಲ್ಲಿ ಇರಲೇ ಇಲ್ಲ ಎಂದಾಗುತ್ತದೆ, ಅದೂ ನನ್ನ ಅಕ್ಷರದಲ್ಲಿ. ಹಟ್ಟಿಯ ಕೆಂಚಕ್ಕ ನೆನಪಾದಳು. ಹುಣಸೆಹಣ್ಣಿನ ಮಂಕರಿ ಹೊತ್ತು ಮೈಲಿಗಟ್ಟಲೆ ನಡೆದು ಬಂದು ಅವಳು ಮಂಡಿಯ ಬಾಗಿಲ ಬಳಿ ನಿಲ್ಲುತ್ತಿದ್ದಳು. “ಒಸಿ ಕೈ ಕೊಡ್ರಪ್ಪ” ಎಂದು ಹೋಗುವವರನ್ನು ಬರುವವರನ್ನು ಕೇಳುತ್ತಿದ್ದಳು. ಮಂಡಿಯ ಆಳುಗಳು “ಏನಮ್ಮೋ, ನಿನ್ ಕೈಯೇನು ಬಾಡಿಗೇಗೆ ಬುಟ್ಟಿದ್ದೀಯಾ?” ಎಂದು ನಗುತ್ತಿದ್ದರು. ಅವಳು ಕೇಳುತ್ತಿದ್ದದ್ದು ಸರಿಯಾಗಿ ಆ ಕಲ್ಲು ಇದ್ದ ಜಾಗದಲ್ಲೇ ನಿಂತು.

ರಟ್ಟನ್ನು ಹರಿದು ಹೊಸದನ್ನು ತೆಗೆದುಕೊಂಡೆ.

ಪ್ರದರ್ಶನದ ದಿನ ಜನ ಒಂದೊಂದೇ ಫೋಟೋ ನೋಡುತ್ತ ಬಂದು ಕೊನೆಯ ಜೋಡಿಯ ಮುಂದೆ ಗುಂಪಾದರು. ದೊಡ್ಡಪ್ಪ ದಾರಿ ಮಾಡಿಕೊಂಡು ಬಂದು ಗಟ್ಟಿಯಾಗಿ ಓದಿದರು. ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ನಿಲ್ಲಿಸುವಷ್ಟರಲ್ಲಿ ಓದಿ ಮುಗಿದಿತ್ತು.

“ಅಂದು: ಹೊರೆಗಲ್ಲು. ಇಂದು: ನಮ್ಮ ಮಂಡಿ.”

ಯಾರೋ ಕೆಮ್ಮಿದರು.

“ಕೀಳೇ ಅದನ್ನ” ಎಂದರು ದೊಡ್ಡಪ್ಪ ತಗ್ಗಿದ ದನಿಯಲ್ಲಿ.

“ಇಲ್ಲ.”

ಅದು ನನ್ನ ದನಿಯೇ ಎಂದು ನನಗೂ ಅನುಮಾನವಾಯಿತು. ಇನ್ನೊಮ್ಮೆ ಹೇಳಿದೆ. “ಕೀಳಲ್ಲ, ದೊಡ್ಡಪ್ಪ.”

“ನಾಕ್ ಜನದ್ ಮುಂದೆ ಮನೆ ಮರ್ಯಾದೆ ತೆಗೀತೀಯಾ? ಮರ ಎಲ್ಲಾ ಒಂದೇ ಥರ ಅಂತ ಹೇಳಿರ್ಲಿಲ್ವಾ?”

“ಹಂಗಾದ್ರೆ ಮಂಡೀಲಿರೋ ಮರ ಕಡಿಸ್ಬುಡಿ. ಅದೊಂದು ಹೋದ್ರೆ ನನ್ ಮಾತಿಗೆ ಸಾಕ್ಷಿ ಇಲ್ಲ. ಈ ರಟ್ಟು ನಾನೇ ಕೀಳ್ತೀನಿ.”

ದೊಡ್ಡಪ್ಪನ ಬಾಯಿ ತೆರೆಯಿತು. “ಕಾಯ್ ಬುಡೋ ಮರಾನಾ? ಏನ್ ಮಾತಾಡ್ತಾ ಇದ್ದೀಯೇ ನೀನು!” ಎಂದು ಕೂಗಿಬಿಟ್ಟರು. ಕೂಗಿದ ಮೇಲೆ, ಆ ಮರ ತಮ್ಮದು, ಫೋಟೋದಲ್ಲಿರುವುದೂ ಅದೇ ಎಂದು ತಾವೇ ಒಪ್ಪಿಕೊಂಡಂತಾಯಿತು ಎಂಬುದು ಅವರ ಮುಖದಲ್ಲಿ ಕಂಡಿತು. ಶ್ರೀರಂಗಯ್ಯ ಸಡಿಲವಾಗಿದ್ದ ಫೋಟೋವನ್ನು ಸರಿಯಾಗಿ ಒತ್ತಿ, ಮೊಳೆಯೊಂದನ್ನು ಹೆಚ್ಚಿಗೆ ಹೊಡೆದರು.

“ಕಲ್ಲೇನಾಯ್ತು ಸ್ವಾಮಿ?” ಹಿಂದಿನಿಂದ ಯಾರೋ ಕೇಳಿದರು.

“ಮಂಡಿ ಪಾಯಕ್ಕೋಯ್ತು” ಎಂದು ಗೊಣಗಿ ದೊಡ್ಡಪ್ಪ ಹೊರಗೆ ನಡೆದರು.

ಸ್ವಲ್ಪ ಹೊತ್ತಿಗೆ ನಾನೂ ಹೊರಗೆ ಬಂದೆ. ಕಾಲು ತಾನಾಗಿಯೇ ಮಂಡಿಯ ಕಡೆ ಹೋಯಿತು. ಕೆಂಚಕ್ಕ ಅಲ್ಲಿ ಬಿಸಿಲಲ್ಲಿ ನಿಂತಿದ್ದಳು, ಕತ್ತಿನ ನರ ಉಬ್ಬಿತ್ತು.

“ಒಸಿ ಕೈ ಕೊಡವ್ವ.”

“ಕೈ ಬ್ಯಾಡ, ಒಳೀಕ್ ಬಾ ಕೆಂಚಕ್ಕ.”

“ಅಯ್, ಮಂಡಿ ಒಳೀಕಾ? ಬೈಸ್ಕಳಾಕಾ?”

“ಬಾ, ನಾನಿದ್ದೀನಿ.”

ಆಳುಗಳು ಕೊಬ್ಬರಿ ಆರಿಸುವುದನ್ನು ಬಿಟ್ಟು ನೋಡಿದರು. ಗದ್ದಿಗೆಯ ಮೇಲೆ ಆಗಲೇ ಬಂದು ಕೂತಿದ್ದ ದೊಡ್ಡಪ್ಪನೂ ನೋಡಿದರು. ನಾನು ಅವರ ಕಣ್ಣು ತಪ್ಪಿಸಲಿಲ್ಲ. ತೆಂಗು ತುದಿಯಲ್ಲಷ್ಟೇ ಬೆಳೆಯುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಫೋಟೋದಲ್ಲಿದ್ದ ಅದೇ ಎತ್ತರದಲ್ಲಿ ಆ ಮೊಣಕೈ ಕಾದಿತ್ತು. ಕೆಂಚಕ್ಕ ಒಮ್ಮೆ ಮರವನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಬಗ್ಗದೆ, ಯಾರನ್ನೂ ಕೇಳದೆ, ಮಂಕರಿಯನ್ನು ತಲೆಯಿಂದ ಮರದ ಮೇಲೆ ಜಾರಿಸಿದಳು.

“ಉಸ್ಸಪ್ಪಾ” ಎಂದಳು.

“ಯಾರನ್ನ್ ಕೇಳಿ…” ಎಂದು ಶುರು ಮಾಡಿದರು ದೊಡ್ಡಪ್ಪ.

“ನಾಳೆಯಿಂದ ಹೊರೆ ಹೊತ್ಕೊಂಡು ಬರೋರೆಲ್ಲ ಇಲ್ಲೇ ಇಳಿಸ್ತಾರೆ, ದೊಡ್ಡಪ್ಪ” ಎಂದೆ. “ಬೇಡ ಅಂದ್ರೆ ಕಲ್ಲು ಹೊರಗೆ ನಿಲ್ಸಿ.”

ಕೆಂಚಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು, ಮರಕ್ಕೆ ಬೆನ್ನು ಕೊಟ್ಟು ನಿಂತಳು. ನಾನು ಅವಳ ಪಕ್ಕದಲ್ಲಿ ನಿಂತೆ. ಅವಳ ದಣಿವು ಆರುವ ತನಕ ಅಲ್ಲಿಂದ ಕದಲಲಿಲ್ಲ.