ಎಣ್ಣೆ ಕಲಸಿದ ಭಂಡಾರ

ಕಳೆದ ಸಲದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗಿರಿಮಲ್ಲಪ್ಪ ಸೋತದ್ದು ಬರೀ ಒಂಬತ್ತು ಓಟಿನಿಂದ. ಅವತ್ತಿನಿಂದ ಅವನ ಕಣ್ಣಿಗೆ ಊರಿನಲ್ಲಿ ಮನುಷ್ಯರು ಕಾಣುವುದೇ ನಿಂತುಹೋಗಿ, ಬರೀ ಆ ಒಂಬತ್ತು ಮಂದಿ ಕಾಣತೊಡಗಿದರು. ಚಹಾದಂಗಡಿಯಲ್ಲಿ ಯಾರಾದರೂ ಎರಡೆರಡು ಸಲ ನಮಸ್ಕಾರ ಹೊಡೆದರೆ ‘ಇವನೇ ಒಬ್ಬ’ ಎಂದುಕೊಳ್ಳುತ್ತಿದ್ದ. ನಮಸ್ಕಾರ ಮಾಡದೆ ಹೋದರೆ ‘ಇವನಂತೂ ಖಾತ್ರಿ’ ಎನ್ನುತ್ತಿದ್ದ. ಇಂಥವನ ಕೈಯಿಂದ ಪಾರಾಗುವ ದಾರಿ ದೇವರಿಗೂ ತಿಳಿಯದು.

ಹುನ್ನೂರಿಗೂ ಸಾವಳಗಿಗೂ ನಡುವಿನ ಆ ಊರಿನಲ್ಲಿ ಬೀರಪ್ಪನ ಗುಡಿ ಓಣಿಯೆಂದರೆ ಒಂದೇ ವಾರ್ಡು, ಒಂದೇ ಸೀಟು. ಓಣಿಯ ಅರ್ಧಕ್ಕೆ ಅರ್ಧ ಗಿರಿಮಲ್ಲಪ್ಪನ ಬಳಗ. ಹಿಂದೆ ಕುರಿ ಕಾಯ್ದವರು, ಈಗ ಕಬ್ಬು ಬೆಳೆಯುವವರು, ಅಲ್ಲೊಬ್ಬ ಇಲ್ಲೊಬ್ಬ ಸಂಬಳದ ನೌಕರಿಯವರು. ಬಳಗವೆಲ್ಲ ಕೂಡಿ ಓಟು ಹಾಕಿದ್ದರೆ ಅವನು ಸೋಲುವ ಮಾತೇ ಇರಲಿಲ್ಲ. ಹಾಗಾಗಿ ಮೋಸ ಮಾಡಿದವರು ಮನೆಯವರೇ ಎಂದು ಲೆಕ್ಕ ಹಾಕಿ, ಐದು ವರ್ಷದಲ್ಲಿ ಎಂಟು ಮಂದಿಯ ಹೆಸರು ಪಕ್ಕಾ ಮಾಡಿಕೊಂಡಿದ್ದ. ಒಂಬತ್ತನೆಯ ಹೆಸರನ್ನು ಮಾತ್ರ ಹೆಂಡತಿ ಲಗಮವ್ವನ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಒಡಹುಟ್ಟಿದ ತಮ್ಮ ಸಾತಪ್ಪನದು.

ಸಾತಪ್ಪ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವಾಚಮನ್. ಅವನು ಡ್ಯೂಟಿಗೆ ಹೋಗುವುದು ಮುರಗೆಪ್ಪನ ಬೈಕಿನ ಹಿಂದೆ ಕೂತು. ಮುರಗೆಪ್ಪನೂ ಅಲ್ಲೇ ಕೆಲಸಕ್ಕಿದ್ದ. ಗಿರಿಮಲ್ಲಪ್ಪನನ್ನು ಒಂಬತ್ತು ಓಟಿನಿಂದ ಸೋಲಿಸಿದವನು ಇದೇ ಮುರಗೆಪ್ಪ, ಈ ಸಲವೂ ಎದುರಿಗೆ ನಿಂತವನು ಅವನೇ. ಇಪ್ಪತ್ತು ಮೈಲಿ ಒಬ್ಬನ ಬೆನ್ನಿಗೆ ಆತುಕೊಂಡು ಹೋಗುವವರು ಹವಾಮಾನದ ಸುದ್ದಿ ಮಾತಾಡುತ್ತಾರೇನು? ಗಿರಿಮಲ್ಲಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ.

ಓಟಿಗೆ ಮುಂಚೆ ಗುಡಿಯಲ್ಲಿ ಭಂಡಾರ ಮುಟ್ಟಿಸಿ ಆಣೆ ಮಾಡಿಸುವುದು ಅಲ್ಲಿ ಹೊಸದೇನಲ್ಲ. ಬೀರಪ್ಪನ ಅರಿಷಿಣಪುಡಿ ಮುಟ್ಟಿ ಮಾತು ಕೊಟ್ಟ ಮೇಲೆ ತಪ್ಪಲು ಯಾರಿಗೂ ಧೈರ್ಯ ಬರುವುದಿಲ್ಲ. ಆದರೆ ಹೋದ ಸಲವೂ ಎಲ್ಲರೂ ಮುಟ್ಟಿದ್ದರಲ್ಲ! ಗಿರಿಮಲ್ಲಪ್ಪ ಅದನ್ನೇ ಕೂತು ನಿಂತು ಯೋಚಿಸಿ ಒಂದು ಉಪಾಯ ತೆಗೆದ. ಓಟಿನ ದಿನ ಬೆಳಿಗ್ಗೆ, ಮತಗಟ್ಟೆಗೆ ಹೋಗುವ ಮುಂಚೆಯೇ ಆಣೆ. ಅದೂ ಒಣ ಭಂಡಾರದಿಂದಲ್ಲ.

“ಇದೇನೋ ಇದು?” ಪೂಜಾರಿ ಭೀಮಪ್ಪ ತಟ್ಟೆ ನೋಡಿ ಹೌಹಾರಿದ. “ಭಂಡಾರಕ್ಕ ಎಣ್ಣಿ ಯಾಕ ಕಲಸಿದಿ?”

“ಒಣಾದು ಫೂ ಅಂತ ಊದಿದ್ರ ಹಾರಿಹೊಕ್ಕೈತಿ. ಅದರ ಕೂಡ ಆಣಿನೂ ಹಾರಿಹೊಕ್ಕೈತಿ. ಕುಸುಬಿ ಎಣ್ಣಿ ಹಾಕೇನಿ. ಈಗ ಊದ್ರಿ ನೋಡೂಣು.”

“ಇದು ಪದ್ಧತಿ ಅಲ್ಲಪಾ.”

“ಮೋಸ ಮಾಡೂದು ಪದ್ಧತಿ ಏನು?” ಎಂದ ಗಿರಿಮಲ್ಲಪ್ಪ. ಮುದುಕ ತಟ್ಟೆಯನ್ನು ದೇವರ ಮುಂದಿಟ್ಟ.

ಮೊದಲು ತಾನೇ ಬಲಗೈ ಹೆಬ್ಬೆರಳನ್ನು ತಟ್ಟೆಯಲ್ಲಿ ಅದ್ದಿದ. ಆಮೇಲೆ ಬಳಗದ ನಲವತ್ತಮೂರು ಮಂದಿ ಸಾಲಾಗಿ ಬಂದರು. ಉಗುರಿನ ತುದಿಯಿಂದ ಮುಟ್ಟಿದವರ ಕೈಯನ್ನು ಹಿಡಿದು ತಾನೇ ಒತ್ತಿದ. “ಓಟ ಹಾಕಿ ಹೊರಗ ಬರೂತನಕ ಯಾರೂ ಒರಸಬ್ಯಾಡ್ರಿ, ತೊಳೀಬ್ಯಾಡ್ರಿ. ಬಂದಮ್ಯಾಲ ಬೊಟ್ಟು ನನಗ ತೋರಸ್ರಿ,” ಎಂದು ಕಟ್ಟಪ್ಪಣೆ ಮಾಡಿದ. ಕೆಲವರು ನಕ್ಕರು, ಕೆಲವರು ಮುಖ ಗಂಟಿಕ್ಕಿದರು.

ಕಡೆಗೆ ಬಂದವನು ಸಾತಪ್ಪ. ರಾತ್ರಿಪಾಳಿ ಮುಗಿಸಿ ಸೀದಾ ಬಂದಿದ್ದ, ಮೈಮೇಲೆ ಇನ್ನೂ ಖಾಕಿ ಅಂಗಿ.

“ನಾನೂ ಮುಟ್ಟಬೇಕೇನಣ್ಣಾ?”

“ಎಲ್ಲಾರೂ ಮುಟ್ಟ್ಯಾರ.”

“ಎಲ್ಲಾರದು ಬಿಡು. ನಾ ಮುಟ್ಟಬೇಕೇನು?”

ಗಿರಿಮಲ್ಲಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿದ. ಸಾತಪ್ಪ ಒಂದು ಗಳಿಗೆ ಅಣ್ಣನ ಮುಖ ನೋಡಿ, ಹೆಬ್ಬೆರಳನ್ನು ಬುಡದವರೆಗೆ ಮುಳುಗಿಸಿದ. ಆ ಬೆರಳಿನ ತುದಿ ನಡುವೆ ಸೀಳಿ ಎರಡು ಭಾಗವಾಗಿತ್ತು. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಗಿರಿಮಲ್ಲಪ್ಪನ ಕೈಯ ಕತ್ತರಿ ಜಾರಿ ಆದ ಗಾಯ ಅದು. ಅವತ್ತು ಅಪ್ಪ ಕೇಳಿದಾಗ ಸಾತಪ್ಪ ‘ನಾನಽ ಕತ್ತರಿ ಹಿಡಿದಿದ್ದೆ’ ಎಂದು ಏಟು ತಿಂದಿದ್ದ.

“ಸಾಕೇನು?” ಎಂದು ಬೆರಳೆತ್ತಿ ತೋರಿಸಿ ಸಾತಪ್ಪ ನಡೆದುಬಿಟ್ಟ.

ಮತಗಟ್ಟೆಯಿಂದ ನೂರು ಹೆಜ್ಜೆ ದೂರದ ಬೇವಿನ ಗಿಡದ ಕೆಳಗೆ ಗಿರಿಮಲ್ಲಪ್ಪ ಇಡೀ ದಿನ ನಿಂತ. ಹೊರಗೆ ಬಂದವರ ಎಡಗೈ ಬೆರಳಿನ ಶಾಯಿಯನ್ನು ಅವನು ನೋಡಲೇ ಇಲ್ಲ, ನೋಡಿದ್ದು ಬಲಗೈ ಹೆಬ್ಬೆರಳನ್ನು. ಹಲವರ ಬೆರಳಿನ ಹಳದಿ ಒಳಗೆ ಹೋಗುವಾಗ ಇದ್ದದ್ದಕ್ಕಿಂತ ತೆಳ್ಳಗಾಗಿತ್ತು. ಒರೆಸಿಕೊಂಡಿದ್ದಾರೆ! ಎಲ್ಲಿ ಒರೆಸಿದರು, ಯಾಕೆ ಒರೆಸಿದರು ಎಂದು ಅವನ ತಲೆ ಸುತ್ತತೊಡಗಿತು. ಸಾತಪ್ಪನ ಬೆರಳಿನ ಹಳದಿಯಂತೂ ಅರ್ಧಕ್ಕರ್ಧ ಹೋಗಿತ್ತು. ಸಾಲದ್ದಕ್ಕೆ ಸಂಜೆ ಅವನು ಮತ್ತೆ ಮುರಗೆಪ್ಪನ ಬೈಕು ಹತ್ತಿ ಡ್ಯೂಟಿಗೆ ಹೋದ.

ಅಷ್ಟು ಸಾಕಾಯಿತು. ಅಣ್ಣತಮ್ಮಂದಿರ ಮನೆಗಳ ನಡುವಿನ ಗೋಡೆಗೆ ಹಿತ್ತಲಲ್ಲಿ ಒಂದು ಸಣ್ಣ ಬಾಗಿಲಿತ್ತು. ಪಲ್ಯದ ಬಟ್ಟಲು, ಮೊಸರಿನ ಹೆಪ್ಪು, ಮಕ್ಕಳ ಜಗಳ ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ಮಾರನೆಯ ದಿನ ಗಿರಿಮಲ್ಲಪ್ಪ ಅದಕ್ಕೆ ಅಡ್ಡ ಹಲಗೆ ಇಟ್ಟು ನಾಲ್ಕು ಮೊಳೆ ಹೊಡೆದ.

“ನಿನಗ ಹುಚ್ಚು ಹಿಡದೈತೇನು?” ಲಗಮವ್ವ ಅತ್ತಳು. “ಎಣಿಕಿನಽ ಆಗಿಲ್ಲ ಇನ್ನಾ!”

“ಆದಮ್ಯಾಲ ಹೊಡಿಯೂದು ಹೆಂಗೂ ಇದ್ದದ್ದಽ. ಇವತ್ತಽ ಹೊಡದ್ರ ಏನಾತು?”

ಮೊಳೆಯ ಸದ್ದಿಗೆ ಆಚೆ ಬದಿಯಲ್ಲಿ ಸಾತಪ್ಪ ಬಂದು ನಿಂತದ್ದು ಹಲಗೆಯ ಸಂದಿಯಲ್ಲಿ ಕಂಡಿತು. ಒಂದು ಮಾತೂ ಆಡಲಿಲ್ಲ. ತಪ್ಪು ಮಾಡಿದವನಿಗೆ ಮಾತೆಲ್ಲಿಂದ ಬರಬೇಕು ಎಂದುಕೊಂಡು ಗಿರಿಮಲ್ಲಪ್ಪ ಕಡೆಯ ಮೊಳೆಯನ್ನು ಇನ್ನೂ ಜೋರಾಗಿ ಹೊಡೆದ.

ಓಟಾದ ಮೂರನೆಯ ದಿನ ಎಣಿಕೆ, ಜಮಖಂಡಿಯಲ್ಲಿ, ಒಂದು ಕಾಲೇಜಿನ ಹಾಲಿನಲ್ಲಿ. ಏಜೆಂಟ್ ಎಂದು ಕರೆದೊಯ್ಯಲು ನಂಬಿಕಸ್ತರು ಯಾರೂ ತೋಚದೆ ಗಿರಿಮಲ್ಲಪ್ಪ ಒಬ್ಬನೇ ಹೋಗಿ ತಂತಿಜಾಳಿಗೆಯ ಈಚೆ ಕೂತ. ಪಕ್ಕದಲ್ಲಿ ಮುರಗೆಪ್ಪ. ಗಿರಿಮಲ್ಲಪ್ಪನ ಗುರುತು ಬಕೆಟ್, ಮುರಗೆಪ್ಪನದು ಫ್ಯಾನು. ಚೀಟಿಗಳನ್ನು ಬಿಡಿಸಿ ಬಿಡಿಸಿ ಎರಡು ಕಡೆ ಇಡುತ್ತಿದ್ದಂತೆ ನಡುವೆ ಮೂರನೆಯ ಕಟ್ಟೊಂದು ಬೆಳೆಯತೊಡಗಿತು. ಆ ಕಟ್ಟು ಹಳದಿಯಾಗಿತ್ತು.

“ಅದ್ಯಾಕ್ರೀ ಆ ಕಡೆ ಇಡಾಕತ್ತೀರಿ?” ಗಿರಿಮಲ್ಲಪ್ಪ ಎದ್ದು ನಿಂತ. “ಬಕೆಟ್ ಮ್ಯಾಲ ಸಿಕ್ಕಾ ನೆಟ್ಟಗೈತಲ್ರಿ!”

ಚುನಾವಣಾಧಿಕಾರಿ ಕನ್ನಡಕ ಏರಿಸಿಕೊಂಡು ಒಂದು ಚೀಟಿಯನ್ನು ಜಾಳಿಗೆಯ ಹತ್ತಿರ ಹಿಡಿದರು. ಬಕೆಟ್ಟಿನ ಮೇಲೆ ಓಟಿನ ಮುದ್ರೆಯ ಸಿಕ್ಕಾ ಸರಿಯಾಗಿಯೇ ಬಿದ್ದಿತ್ತು. ಅದರ ಪಕ್ಕದಲ್ಲಿ, ಚೀಟಿ ಮಡಚುವಾಗ ಹಿಡಿದ ಜಾಗದಲ್ಲಿ, ಎಣ್ಣೆಯರಿಷಿಣದ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು.

“ಸಣ್ಣ ಕಲೆ ಇದ್ದವನ್ನ ನಾವು ಲೆಕ್ಕಕ್ಕ ಹಿಡದೇವ್ರಿ. ಆದ್ರ ಪೂರ್ತಿ ಹೆಬ್ಬೆಟ್ಟು ಬಿದ್ದೈತಿ ಇದರಾಗ. ಓಟು ಹಾಕಿದವ್ರು ಯಾರಂತ ಗುರುತು ಸಿಗೂವಂಥ ಮಾರ್ಕ್ ಇದ್ರ ಓಟು ರದ್ದು. ಕಾನೂನು ಹಂಗೈತಿ.”

“ಯಾರ ಬೊಟ್ಟು ಅಂತ ಹೆಂಗ ಗೊತ್ತಾಕ್ಕೈತ್ರಿ?” ಗಿರಿಮಲ್ಲಪ್ಪನ ಧ್ವನಿ ಏರಿತು. “ಬೊಟ್ಟು ನೋಡಿ ಯಾವ ಮಗಾ ಹೇಳ್ತಾನ, ಇದು ಇಂಥಾವಂದು ಅಂತ? ಹೇಳ್ಲಿ ನೋಡೂಣು!”

ಅಧಿಕಾರಿ ಉತ್ತರ ಕೊಡುವ ಬದಲು ಮುಂದಿನ ಚೀಟಿ ಎತ್ತಿ ತೋರಿಸಿದರು. ಬಕೆಟ್ಟಿನ ನಟ್ಟನಡುವೆ ಸಿಕ್ಕಾ. ಅದರ ಕೆಳಗೆ ಎಲ್ಲಕ್ಕಿಂತ ದಟ್ಟವಾದ ಹಳದಿ ಹೆಬ್ಬೆಟ್ಟು, ನಡುವೆ ಸೀಳಿ ಎರಡು ಭಾಗವಾದದ್ದು.

“ಹೇಳ್ರಿ, ಇದು ಯಾರದಂತ ನಿಮಗ ಗೊತ್ತಿಲ್ಲೇನು?” ಎಂದರು ಅಧಿಕಾರಿ.

 ಗೊತ್ತಿಲ್ಲ ಎಂದು ಗಿರಿಮಲ್ಲಪ್ಪ ಒಂದು ಮಾತು ಅಂದಿದ್ದರೆ ಇನ್ನಷ್ಟು ವಾದ ಮಾಡಬಹುದಿತ್ತೇನೋ. ಆ ಸುಳ್ಳನ್ನು ಮಾತ್ರ ಅವನಿಂದ ಹೇಳಲಾಗಲಿಲ್ಲ. ಮತ್ತೆ ಕುರ್ಚಿಯ ಮೇಲೆ ಕೂತ.

ಮುರಗೆಪ್ಪ ಆರು ಓಟಿನಿಂದ ಗೆದ್ದ. ರದ್ದಾದ ಹಳದಿ ಚೀಟಿ ಹದಿನೇಳು, ಹದಿನೇಳೂ ಬಕೆಟ್ಟಿನವು. ಅದರಲ್ಲೊಂದು ತನ್ನದೇ ಇರಬೇಕು ಎಂದು ಗಿರಿಮಲ್ಲಪ್ಪನಿಗೆ ಹೊಳೆದದ್ದು ಹೊರಗೆ ಬಂದ ಮೇಲೆ. ಅಲ್ಲಿ ಗುಲಾಲು ಹಾರುತ್ತಿತ್ತು. ಮುರಗೆಪ್ಪ ಗುಂಪು ಬಿಡಿಸಿಕೊಂಡು ಬಂದು ಕೈ ಹಿಡಿದ.

“ಬ್ಯಾಸರಾ ಮಾಡ್ಕೋಬ್ಯಾಡ ಗಿರಿಮಲ್ಲಪ್ಪಾ. ಒಂದು ಮಾತು ಹೇಳ್ತೇನಿ. ನಿನ್ನ ತಮ್ಮಗ ಬೈಕಿನ ಮ್ಯಾಲ ದಿನಾ ಕೇಳೇನಿ, ನನಗೊಂದು ಓಟ ಹಾಕಪಾ ಅಂತ. ‘ಬೇಕಂದ್ರ ಇಳಿಸಿ ಹೋಗು, ನಡಕೋತ ಹೊಕ್ಕೇನಿ’ ಅಂತಿದ್ದ.”

ಗಿರಿಮಲ್ಲಪ್ಪ ಮುಂದಿನ ಬಸ್ಸಿಗೇ ಹೊರಟ. ಊರಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ನೆಟ್ಟಗೆ ಹಿತ್ತಲಿಗೆ ಹೋಗಿ, ಇಕ್ಕಳ ತಂದು ಮೊಳೆ ಕೀಳತೊಡಗಿದ. ಮೂರು ಮೊಳೆ ಬಂದವು. ತಾನೇ ಸಿಟ್ಟಿನಿಂದ ಹೊಡೆದ ನಾಲ್ಕನೆಯದು ಅಲುಗಲಿಲ್ಲ. ಅಷ್ಟರಲ್ಲಿ ಆಚೆಯಿಂದ ಯಾರೋ ಬಾಗಿಲನ್ನು ಒತ್ತಿದರು. ಇವನು ಎಳೆದ, ಅವರು ಒತ್ತಿದರು, ಹಲಗೆ ಕಿತ್ತುಬಂತು.

ಬಾಗಿಲಲ್ಲಿ ಸಾತಪ್ಪ ನಿಂತಿದ್ದ.

“ಎಷ್ಟರಾಗ ಹೋತಣ್ಣಾ?”

“ಆರು.”

“ಯಾರು ಕೈಕೊಟ್ರು?”

ಗಿರಿಮಲ್ಲಪ್ಪ ತಮ್ಮನ ಬಲಗೈ ಹಿಡಿದು ತಿರುಗಿಸಿ ನೋಡಿದ. ಮೂರು ದಿನ ತೊಳೆದರೂ ಹೆಬ್ಬೆರಳಿನ ಸೀಳಿನೊಳಗೆ ಹಳದಿ ಉಳಿದುಕೊಂಡಿತ್ತು. 

“ನಾನಽ,” ಎಂದ.