ಕೆಳಗಿನಿಂದ ನೋಡಿದ ನಕ್ಷೆ

ಸೌದೆಯ ಕೊನೆಯ ಹೊರೆ ಇಳಿಸಿ ಮಧುಕೇಶ್ವರ ಹೆಗಲು ಕೊಡವಿಕೊಳ್ಳುತ್ತಿದ್ದಾಗ ಪರಿಮಳಾ ಹಿತ್ತಿಲ ಬಾಗಿಲಿಗೆ ಬಂದಳು. ಗಂಡ ಕಮಲಾಕರನ ಹೆಣ ಇನ್ನೂ ಜಗಲಿಯಲ್ಲೇ ಇತ್ತು. ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ.

"ಇವ್ರು ದಿನಾ ಇದನ್ನ ತೆಗ್ದು ನೋಡ್ತಿದ್ರು. ನಂಗೆ ಮುಟ್ಟಕ್ಕೂ ಬಿಡ್ತಿರ್ಲಿಲ್ಲ. ಎಂತದು ಕೇಳಿದ್ರೆ, ನನ್ನ ತಪ್ಪು ಅಂತಿದ್ರು," ಎಂದಳು. "ಇವ್ರ ಸಂಗಡಾನೇ ಬೆಂಕಿಗೆ ಹಾಕ್ಬಿಡಿ. ಆ ಮರ್ಯಾದೆಗೇಡು ಇಲ್ಲಿಗೇ ಮುಗೀಲಿ."

ಮಧುಕೇಶ್ವರ ಬಿಡಿಸಿದ. ವೈರು ಜೋಡಿಸುವ ಇಪ್ಪತ್ತು ಕಾಲಿನ ಕನೆಕ್ಟರಿನ ನಕ್ಷೆ. ಅಂಚಿನಲ್ಲಿ ಕಮಲಾಕರನ ಪೆನ್ಸಿಲ್ ಬರಹ: 'ಮೇಲಿನಿಂದ ನೋಡಿದ್ದು. ಮಧು ಹೇಳಿದ್ದು, ಫೋನಿನಲ್ಲಿ.' ಗಡಬಡಿಸಿ ಮಡಚಿ ಜೇಬಿಗಿಳಿಸಿದ.

ಜಗಲಿಯ ಮೂಲೆಯಲ್ಲಿ ಇಬ್ಬರು ಮುದುಕರ ಪಿಸುಮಾತು ನಡೆದಿತ್ತು.

"ಕಮಲಾಕರ ಮನೇಲೇ ಕೂತ್ಕಂಡು ಎಂತ ಕೆಲ್ಸ ಮಾಡ್ತಿದ್ನ?"

"ಕಂಪ್ಯೂಟರಲ್ಲಿ ಜಿರಲೆ ಚಿತ್ರ ಬಿಡಸ್ತಿದ್ದ. ಅದ್ರಲ್ಲೂ ತಪ್ ಮಾಡಿದ್ನಡ."

*

ಜಿರಲೆಯಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುವ ಒಂದೊಂದು ಬಿಡಿಭಾಗದ ಕಾಲು ಎಲ್ಲೆಲ್ಲಿ ಇಳಿಯಬೇಕೆಂದು ಅಳೆದು, ನಕ್ಷೆ ಬರೆದು, ಹೆಸರಿಟ್ಟು ಬೆಂಗಳೂರಿನ ಕಂಪನಿಯ ಸಂಗ್ರಹಕ್ಕೆ ಸೇರಿಸುವ ಕೆಲಸ. ಸಿದ್ದಾಪುರದ ಮನೆಯಲ್ಲಿ ಕೂತು ಬರೆಯುವವ ಕಮಲಾಕರ. ಶಿರಸಿಯ ಬಾಡಿಗೆ ಕೋಣೆಯಲ್ಲಿ ಕೂತು ತಾಳೆ ನೋಡುವವ ಬನವಾಸಿಯ ಮಧುಕೇಶ್ವರ.

ಎರಡು ವರ್ಷದ ಹಿಂದೆ, ೨೦೦೬ರಲ್ಲಿ, ಒಂದು ಮಧ್ಯಾಹ್ನ ಕಮಲಾಕರನ ಫೋನು ಬಂತು. ಆ ಕನೆಕ್ಟರು ಮಾಡಿದವರು ಕೊಟ್ಟ ಚಿತ್ರ ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ತಿಳಿಯುತ್ತಿಲ್ಲ, ಒಮ್ಮೆ ನೋಡಿ ಹೇಳು ಎಂದ. ಮಧುಕೇಶ್ವರ ಊಟಕ್ಕೆ ಕೂತಿದ್ದ.

"ಮ್ಯಾಲಿಂದನ ಬಿಡ್ರಿ. ಎಲ್ಲಾ ಹಂಗ ಇರ್ತಾವ."

ಆಮೇಲೂ ಚಿತ್ರ ತೆರೆಯಲಿಲ್ಲ. ಸುಮ್ಮನೆ ಒಪ್ಪಿಗೆ ಒತ್ತಿದ. ಅದು ಕೆಳಗಿನಿಂದ ನೋಡಿದ್ದಾಗಿತ್ತು. ಎಡದ್ದು ಬಲಕ್ಕೆ ಹೋಗಿ ಸಾವಿರ ಬೋರ್ಡು ಕಸದ ಪಾಲಾಯಿತು. ಕಂಪನಿಯವರು ಇಬ್ಬರನ್ನೂ ಒಟ್ಟಿಗೆ ಫೋನಿನಲ್ಲಿ ವಿಚಾರಿಸಿದಾಗ, ನನ್ನನ್ನು ಯಾರೂ ಕೇಳಿಲ್ಲ ಎಂದುಬಿಟ್ಟ ಮಧುಕೇಶ್ವರ. ಮುಂದಿನ ತಿಂಗಳು ಅವನ ಮದುವೆ ಎಂದು ಕಮಲಾಕರನಿಗೆ ಗೊತ್ತಿತ್ತು. ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಆಮೇಲೆ ತಪ್ಪು ನನ್ನದೇ ಎಂಬ ಮಾತು. ಅಂದಿನಿಂದ ಕಮಲಾಕರನ ಪಾಲಿಗೆ ಬಂದದ್ದು ಎರಡೇ ಕಾಲಿನ, ಯಾರು ಬೇಕಾದರೂ ಬರೆಯಬಹುದಾದ ಬಿಡಿಭಾಗಗಳು.

*

ಕಮಲಾಕರನ ತಮ್ಮ ಕಿಶೋರ ಚಿತೆಗೆ ಅಪ್ರದಕ್ಷಿಣೆ ಬಂದ. ಜನಿವಾರ ಬಲಹೆಗಲಿಗೆ ಬದಲಾಗಿತ್ತು. ಎಡಬಲ ಅದಲುಬದಲಾದದ್ದನ್ನು ಕಂಡ ಮಧುಕೇಶ್ವರನಿಗೆ ಮತ್ತೆ ತಲೆಯೆತ್ತಲಾಗಲಿಲ್ಲ. ಬೆಂಕಿ ಹತ್ತಿತು. ಕೈ ಜೇಬಿಗೆ ಹೋಯಿತು. ಈಗ ಎಸೆದರೆ ನರಪಿಳ್ಳೆಗೂ ಗೊತ್ತಾಗದು. ಕೈ ಹೊರಗೆ ಬರಲಿಲ್ಲ. ಹಿಂತಿರುಗಿ ನೋಡಬೇಡಿ ಎಂದರು. ನೋಡದೆ ನಡೆದು, ಎಲ್ಲರ ಹಾಗೆ ಹೊಳೆಯಲ್ಲಿ ಅಂಗಿ ಸಮೇತ ಮುಳುಗಿದ.

ಅಂಗಳದಲ್ಲಿ ಪರಿಮಳಾ ಕೇಳಿದಳು, "ಹಾಕಿದ್ರಾ?"

"ಇಲ್ರೀ."

ತೊಯ್ದ ಕಾಗದವನ್ನು ಹರಿಯದ ಹಾಗೆ ಬಿಡಿಸಿ, ಇಬ್ಬರ ನಡುವೆ ಬಿಸಿಲಿಗೆ ಎತ್ತಿ ಹಿಡಿದ. ಅವನಿಗೆ ಕಾಗದದ ಹಿಂಬದಿಯಿಂದ, ಎಡಬಲ ಬದಲಾಗಿ, ಕನೆಕ್ಟರಿನ ಕಾಲುಗಳು ಕಂಡವು: ಒಂದನೆಯದು ಎಡಕ್ಕೆ, ಇರಬೇಕಾದಲ್ಲೇ. ಪೆನ್ಸಿಲ್ ಬರಹ ಅವಳ ಬದಿಗಿತ್ತು. ಅವಳು ಓದಿ ಮುಗಿಸುವವರೆಗೂ ಅವನು ಹಾಗೇ ಹಿಡಿದು ನಿಂತ. ನೀರು ಮೊಣಕೈಗುಂಟ ಇಳಿಯುತ್ತಿತ್ತು.